ಮರದ ಬೇನೆಗಳ ಚರಿತ್ರೆಯಲ್ಲಿ ಒಂದು ಕನ್ನಡದ ಮಾತು

ಸತ್ಯಮಂಗಲದ ಬಯಲಿನಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ಬಂದವರಿಗೆ ನಮ್ಮ ತಾಳವಾಡಿ ಸೀಮೆ ಬೇರೊಂದು ನಾಡಿನಂತೆ ತೋರುತ್ತದೆ. ಬಯಲಿನ ಸೆಕೆ ಇಲ್ಲಿಲ್ಲ. ನೆಲ ಮೈಸೂರಿನ ಪ್ರಸ್ಥಭೂಮಿಗೆ ಸೇರಿದುದು. ಮನೆಗಳಲ್ಲಿ ಕೇಳಿಬರುವ ಮಾತು ಕನ್ನಡ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಹೀಗೆ ಒಂದೇ ಕಾಡು, ಒಂದೇ ಬೆಟ್ಟಸಾಲು ಎರಡು ಆಡಳಿತಗಳ ಪಾಲಾಯಿತು. ಮನುಷ್ಯರ ಪಾಲಿಗೆ ಇದು ಎಷ್ಟು ದೊಡ್ಡ ಮಾತೆಂಬುದನ್ನು ದೊಡ್ಡಗಾಜನೂರಿನವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಮಳೆ, ಗಾಳಿ ಮತ್ತು ಅವುಗಳೊಡನೆ ಸಂಚರಿಸುವ ಮರದ ಬೇನೆಗಳು ಆ ಗೆರೆಯನ್ನು ಎಂದೂ ಲಕ್ಷಿಸಿದವಲ್ಲ.

ನಾಡಿನ ಚರಿತ್ರೆಯೆಂದರೆ ಅರಸರ ಚರಿತ್ರೆ, ಯುದ್ಧಗಳ ಚರಿತ್ರೆ ಎಂದು ಭಾವಿಸುವುದು ವಾಡಿಕೆ. ತೋಟದ ಮರಗಳಿಗೂ ಒಂದು ಚರಿತ್ರೆಯುಂಟು. ಅವುಗಳನ್ನು ಕೊಂದ ರೋಗಗಳಿಗೂ ಉಂಟು. ಅದರಲ್ಲಿ ನಮ್ಮ ಒಕ್ಕಲುಮಕ್ಕಳು ಆಡಿದ ಒಂದು ಕನ್ನಡದ ಮಾತು ಲೋಕದ ವಿದ್ವಾಂಸರ ಗ್ರಂಥಗಳನ್ನು ಸೇರಿತೆಂಬುದು ಬಹಳ ಜನಕ್ಕೆ ತಿಳಿಯದ ಸಂಗತಿ. ಆ ಮಾತನ್ನು ಕೇಂದ್ರವಾಗಿಟ್ಟುಕೊಂಡು, ನೂರೈವತ್ತು ವರ್ಷಗಳಲ್ಲಿ ನಮ್ಮ ಸುತ್ತಿನ ನಾಡಿನ ನೆಡುತೋಪುಗಳಿಗೆ ಬಂದೊದಗಿದ ಶಿಲೀಂಧ್ರರೋಗಗಳ ಕಥೆಯನ್ನು ಸಂಗ್ರಹವಾಗಿ ಹೇಳುವುದು ಈ ಲೇಖನದ ಉದ್ದೇಶ.

ಬೂಷ್ಟಿನ ಕುಲ

ಮಳೆಗಾಲದಲ್ಲಿ ಹಳೆಯ ಚರ್ಮದ ಮೇಲೆ ಏಳುವ ಬೂಷ್ಟು, ತಿಪ್ಪೆಯ ಮೇಲೆ ಮೂಡುವ ಅಣಬೆ, ಕೊಳೆತ ಮರದ ಬುಡದಲ್ಲಿ ತಟ್ಟೆಯಂತೆ ಬೆಳೆಯುವ ಗಟ್ಟಿ ನಾಯಿಕೊಡೆ, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದವು. ಶಾಸ್ತ್ರಜ್ಞರು ಇವನ್ನು ಶಿಲೀಂಧ್ರಗಳೆನ್ನುತ್ತಾರೆ. ಹಸುರೆಲೆಗಳಂತೆ ಬಿಸಿಲಿನಿಂದ ತಮ್ಮ ಆಹಾರವನ್ನು ತಾವೇ ಸಿದ್ಧಪಡಿಸಿಕೊಳ್ಳುವ ಶಕ್ತಿ ಇವಕ್ಕಿಲ್ಲ. ಸತ್ತುದನ್ನು ಕೊಳೆಯಿಸಿ ಉಣ್ಣುವುದು ಹಲವದರ ರೀತಿ. ಜೀವಂತ ಗಿಡಮರಗಳನ್ನು ಹೊಕ್ಕು ಅವುಗಳ ಸಾರವನ್ನು ಹೀರುವುದು ಕೆಲವದರ ರೀತಿ. ಧೂಳಿಗಿಂತಲೂ ನುಣುಪಾದ ಬೀಜಾಣುಗಳು ಗಾಳಿಯಲ್ಲಿಯೂ ಮಳೆಹನಿಗಳಲ್ಲಿಯೂ ಸಾಗಿ, ತೇವ ದೊರೆತಲ್ಲಿ ಮೊಳೆಯುತ್ತವೆ.

ಎಲ್ಲ ಶಿಲೀಂಧ್ರಗಳೂ ಮರಕ್ಕೆ ಹಗೆಗಳಲ್ಲ. ಕಾಡಿನ ತರಗೆಲೆಗಳನ್ನು ಗೊಬ್ಬರ ಮಾಡುವವು ಅವೇ. ಎಷ್ಟೋ ಮರಗಳ ಬೇರಿಗೆ ನೀರನ್ನೂ ಲವಣಗಳನ್ನೂ ಒದಗಿಸುವವೂ ಅವೇ. ತೇಗದ ಎಲೆಗೆ ಹತ್ತುವ ತುಕ್ಕುರೋಗದಂಥವು ಎಲೆಯನ್ನು ಬೇಗ ಉದುರಿಸುತ್ತವೆಯೇ ಹೊರತು ಬೆಳೆದ ಮರವನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಕಾಡಿನಲ್ಲಿ ನೂರು ಜಾತಿಯ ಮರಗಳು ಬೆರೆತು ನಿಂತಿರುವುದರಿಂದ ಒಂದು ಜಾತಿಗೆ ಹತ್ತಿದ ರೋಗವು ಮುಂದಿನ ಮರಕ್ಕೆ ಹಾಯುವುದು ಕಷ್ಟ. ಮನುಷ್ಯನು ಒಂದೇ ಜಾತಿಯ ಮರವನ್ನು ಸಾಲುಸಾಲಾಗಿ ಸಾವಿರಾರು ಎಕರೆ ನೆಟ್ಟಾಗ ಈ ತಡೆ ಇಲ್ಲದಂತಾಗುತ್ತದೆ. ಮುಂದೆ ಹೇಳಲಿರುವ ಕಥೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲಿಯೇ ಉಂಟು.

ಕಾಫಿಯ ತುಕ್ಕು

ಈ ಚರಿತ್ರೆಯ ಮೊದಲನೆಯ ದೊಡ್ಡ ಅನಾಹುತ ಸಂಭವಿಸಿದ್ದು ಸಿಂಹಳದಲ್ಲಿ. 19ನೆಯ ಶತಮಾನದ ಮಧ್ಯಭಾಗದಲ್ಲಿ ಆ ದ್ವೀಪದ ಬೆಟ್ಟಗಳಲ್ಲಿ ಕಾಡು ಕಡಿದು ಕಾಫಿಯನ್ನು ವಿಸ್ತಾರವಾಗಿ ನೆಟ್ಟಿದ್ದರು. 1869ರಲ್ಲಿ ಅಲ್ಲಿನ ಕಾಫಿ ಎಲೆಗಳ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯನ್ನು ಕಂಡು ಕಳುಹಿಸಿದ ಮಾದರಿಯನ್ನು ಬರ್ಕ್ಲಿ ಮತ್ತು ಬ್ರೂಮ್ ಎಂಬ ಇಂಗ್ಲಿಷ್ ವಿದ್ವಾಂಸರು ಪರೀಕ್ಷಿಸಿ, ಅದಕ್ಕೆ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಎರಡನೆಯ ಪದಕ್ಕೆ ಹಾಳುಗೆಡವುವಂಥದು ಎಂದರ್ಥ. ಹೆಸರು ನಿಜವಾಯಿತು. 1880ರ ಸುಮಾರಿಗೆ ಮಾರ್ಷಲ್ ವಾರ್ಡ್ ಎಂಬ ತರುಣ ಶಾಸ್ತ್ರಜ್ಞನು ಅಲ್ಲಿಗೆ ಹೋಗಿ ರೋಗದ ಜೀವನಕ್ರಮವನ್ನು ಬಿಡಿಸಿ ತೋರಿಸಿದನಾದರೂ ತೋಟಗಳು ಉಳಿಯಲಿಲ್ಲ. ಮುಂದಿನ ಕೆಲವೇ ದಶಕಗಳಲ್ಲಿ ಸಿಂಹಳವು ಕಾಫಿಯ ನಾಡೆಂಬ ಹೆಸರು ನೀಗಿ ಚಹದ ನಾಡಾಯಿತು.

ದಕ್ಷಿಣ ಭಾರತದ ತೋಟಗಳಿಗೂ ಆ ತುಕ್ಕು ಸ್ವಲ್ಪ ಕಾಲದಲ್ಲಿಯೇ ಬಂದಿತು. ಬಾಬಾಬುಡನ್ ಗಿರಿಯಿಂದ ಹರಡಿದ ಹಳೆಯ ಚಿಕ್ ತಳಿ ಕಾಂಡಕೊರಕ ಹುಳುವಿಗೂ ತುಕ್ಕಿಗೂ ಸಿಕ್ಕಿ ಕ್ಷೀಣಿಸಿತು. ಅದರ ಸ್ಥಾನಕ್ಕೆ ಕೂರ್ಗ್ ಎಂಬ ತಳಿ ಬಂದಿತು, ಅದೂ ಸೋತಿತು. 1911ರಲ್ಲಿ ಚಿಕ್ಕಮಗಳೂರು ಸೀಮೆಯ ಕೆಂಟ್ ಎಂಬ ತೋಟಗಾರನು ತನ್ನ ತೋಟದಲ್ಲಿ ತುಕ್ಕು ಹತ್ತದೆ ನಿಂತ ಗಿಡವನ್ನು ಗುರುತಿಸಿ, ಅದರ ಬೀಜದಿಂದ ತಳಿಯನ್ನು ಬೆಳಸಿದನು. ಕೆಂಟ್ ತಳಿ ಕೆಲವು ವರ್ಷ ತೋಟಗಳನ್ನು ಕಾಪಾಡಿತು. ಅನಂತರ ಅದಕ್ಕೂ ತುಕ್ಕು ಹತ್ತಿತು.

ಗೆದ್ದ ಗಿಡ ಮತ್ತೆ ಸೋತುದೇಕೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಕನ್ನಡ ನಾಡಿನಲ್ಲಿಯೇ. 1925ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನಲ್ಲಿ ಕಾಫಿಯ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಅಲ್ಲಿ 1930ರ ದಶಕದಲ್ಲಿ ಮೇನ್ ಎಂಬ ಶಾಸ್ತ್ರಜ್ಞನು, ಕಣ್ಣಿಗೆ ಒಂದೇ ಆಗಿ ಕಾಣುವ ತುಕ್ಕಿನಲ್ಲಿ ಬೇರೆಬೇರೆ ವಂಶಗಳುಂಟೆಂದೂ, ಒಂದು ವಂಶವನ್ನು ತಡೆಯುವ ಗಿಡವು ಇನ್ನೊಂದಕ್ಕೆ ಬಲಿಯಾಗಬಹುದೆಂದೂ ತೋರಿಸಿದನು. ಈಗ ಅಂಥ ನಲವತ್ತಕ್ಕೂ ಹೆಚ್ಚು ವಂಶಗಳು ಗುರುತಿಸಲ್ಪಟ್ಟಿವೆ. ಆ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಎಸ್. 795 ಎಂಬ ತಳಿ ಇಂದಿಗೂ ನಮ್ಮ ಬೆಟ್ಟಗಳಲ್ಲಿ ಬೆಳೆಯುತ್ತಿದೆ. ಹೊಸ ತಳಿಗಳ ಶೋಧನೆಯಂತೂ ನಿಂತಿಲ್ಲ. ರೋಗವು ವಂಶ ಬದಲಿಸುತ್ತಿರುವಷ್ಟು ಕಾಲ ಅದು ನಿಲ್ಲುವಂತೆಯೂ ಇಲ್ಲ.

ಒಂದು ಹೆಸರು, ಎರಡು ರೋಗ

ಇನ್ನು ಆ ಕನ್ನಡದ ಮಾತಿಗೆ ಬರೋಣ. ಮುಂಗಾರು ಬಿಡದೆ ಹೊಡೆಯುವ ತೋಟಗಳಲ್ಲಿ ಕಾಫಿಯ ಎಲೆಗಳು ಕಪ್ಪಾಗಿ ಕೊಳೆತು ತೊಟ್ಟು ಕಳಚಿದರೂ ನೆಲಕ್ಕೆ ಬೀಳದೆ, ಶಿಲೀಂಧ್ರದ ನೂಲುಗಳಿಂದಲೇ ಕೊಂಬೆಗೆ ತೂಗಾಡುವುದುಂಟು. ಇದನ್ನು ನಮ್ಮ ಜನ ಕೊಳೆರೋಗವೆಂದರು. ಮೈಸೂರು ಸೀಮೆಯ ಈ ರೋಗವನ್ನು ಇಂಗ್ಲೆಂಡಿನ ಶಿಲೀಂಧ್ರಶಾಸ್ತ್ರಜ್ಞ ಎಂ. ಸಿ. ಕುಕ್ ಪರಿಶೀಲಿಸಿ, 1876ರಲ್ಲಿ ಅದರ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ನಾಮಕರಣ ಮಾಡಿದನು. ಲ್ಯಾಟಿನ್ ಸಂಪ್ರದಾಯದ ದ್ವಿನಾಮದಲ್ಲಿ ಎರಡನೆಯ ಪದ ಅಚ್ಚ ನಮ್ಮದು. 1958ರಲ್ಲಿ ಡಾಂಕ್ ಎಂಬ ಡಚ್ ವಿದ್ವಾಂಸನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಶಿಲೀಂಧ್ರಕ್ಕಾಗಿ ಕೊಳೆರೋಗ ಎಂಬ ಜಾತಿಯನ್ನೇ ರಚಿಸಿದನು. ತರುವಾಯದ ವಿದ್ವಾಂಸರು ಅದನ್ನು ಬೇರೆ ಜಾತಿಗಳಿಗೆ ಸೇರಿಸಿದರಾದರೂ, ಕಾಫಿಯ ರೋಗಗಳನ್ನು ಕುರಿತ ಇಂಗ್ಲಿಷ್ ಗ್ರಂಥಗಳಲ್ಲಿ ಆ ಮಾತು ಹಾಗೆಯೇ ನಿಂತಿದೆ.

ಅದೇ ಹೆಸರನ್ನು ನಮ್ಮವರು ಅಡಕೆಗೂ ಬಳಸಿದರು. ಮಲೆನಾಡಿನಲ್ಲಿ ಜೂನ್ ಕಳೆದು ಮಳೆ ಬಲಿತ ಮೇಲೆ ಎಳೆಯ ಅಡಕೆಕಾಯಿಗಳ ಹೊಳಪು ಕುಂದಿ, ತೊಟ್ಟಿನ ಕಡೆಯಿಂದ ನೀರು ಹಿಡಿದಂತೆ ಬಣ್ಣಗೆಟ್ಟು, ರಾಶಿರಾಶಿಯಾಗಿ ಉದುರುತ್ತವೆ. ಬಿದ್ದ ಕಾಯಿಯ ಮೈಮೇಲೆ ಬಿಳಿಯ ಬೂಷ್ಟು ಕವಿಯುತ್ತದೆ. ರೋಗವು ಸುಳಿಗೆ ತಗುಲಿದರೆ ಮರವೇ ಹೋಗುತ್ತದೆ. ಹಿಂದಿನವರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು. ಕೊನೆಗಾರನು ಮರವನ್ನೇರಿ, ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಹೊದಿಕೆಯನ್ನು ಪ್ರತಿಯೊಂದು ಗೊನೆಗೂ ಮಳೆಗೆ ಮುಂಚೆ ತೊಡಿಸುತ್ತಿದ್ದನು. ಮಳೆನೀರು ಕಾಯಿಗೆ ತಾಕದಿದ್ದರೆ ರೋಗ ಬಾರದೆಂಬುದನ್ನು ಅವರು ಸೂಕ್ಷ್ಮದರ್ಶಕವಿಲ್ಲದೆಯೇ ತಿಳಿದಿದ್ದರು. ಈ ತಿಳಿವಳಿಕೆ ಸಾಮಾನ್ಯವಾದುದಲ್ಲ.

ಬ್ರಿಟಿಷ್ ಸರ್ಕಾರದ ಶಿಲೀಂಧ್ರಶಾಸ್ತ್ರಜ್ಞನಾಗಿದ್ದ ಇ. ಜೆ. ಬಟ್ಲರ್ 1906ರಲ್ಲಿ ಈ ಅಡಕೆಯ ರೋಗವನ್ನು ಕುರಿತು ಬರೆದನು. 1908ರಲ್ಲಿ ಕೆನಡ ದೇಶದ ಲೆಸ್ಲಿ ಕೋಲ್ಮನ್ ಮೈಸೂರು ಸರ್ಕಾರದ ಸೇವೆಗೆ ಬಂದನು. ಮುಂದೆ ಕೃಷಿ ಇಲಾಖೆಯ ನಿರ್ದೇಶಕನಾಗಿ 1934ರವರೆಗೆ ನಾಡಿಗೆ ದುಡಿದ ಈತನ ಮೊದಮೊದಲ ಕೆಲಸಗಳಲ್ಲಿ ಅಡಕೆಯ ಕೊಳೆರೋಗದ ಶೋಧನೆ ಮುಖ್ಯವಾದುದು. 1910ರಲ್ಲಿ ಪ್ರಕಟವಾದ ಅವನ ವರದಿಯಲ್ಲಿ ರೋಗಕಾರಕವು ಫೈಟಾಫ್ತೊರ ಎಂಬ ಜಾತಿಗೆ ಸೇರಿದುದೆಂದು ಖಚಿತವಾಯಿತು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಯಿಸಿ ಮಹಾಕ್ಷಾಮವನ್ನು ತಂದದ್ದು ಅದೇ ಜಾತಿಯ ಇನ್ನೊಂದು ಜೀವಿ.

ಹೀಗಾಗಿ ಕಾಫಿಯ ಕೊಳೆ ಬೇರೆ, ಅಡಕೆಯ ಕೊಳೆ ಬೇರೆ ಎಂದಾಯಿತು. ಮೊದಲನೆಯದು ಅಣಬೆಯ ಬಂಧು. ಎರಡನೆಯದನ್ನು ಬಹುಕಾಲ ಶಿಲೀಂಧ್ರಗಳಲ್ಲಿಯೇ ಎಣಿಸುತ್ತಿದ್ದರಾದರೂ, ಅದು ನಿಜವಾದ ಶಿಲೀಂಧ್ರವಲ್ಲ, ಕಡಲಿನ ಪಾಚಿಗಳ ದೂರದ ನೆಂಟ ಎಂಬುದು ಇಂದಿನ ನಿರ್ಣಯ. ನೀರಿನ ನೆಂಟನಾದುದರಿಂದಲೇ ಅದರ ಬೀಜಾಣುಗಳು ಮಳೆಯ ನೀರಿನಲ್ಲಿ ಈಜಬಲ್ಲವು. ಒಂದೇ ಹೆಸರಿನ ಹಿಂದೆ ಇಷ್ಟು ದೂರದ ಎರಡು ಕುಲಗಳು ಅಡಗಿದ್ದವು. ಆದರೂ ನಮ್ಮ ಹಿರಿಯರ ಮಾತು ಸುಳ್ಳಾಗಲಿಲ್ಲ. ಅವರು ಹೇಳಿದ್ದು ರೋಗದ ಲಕ್ಷಣವನ್ನು. ಕುಲವನ್ನು ಬಿಡಿಸುವುದು ಶಾಸ್ತ್ರದ ಕೆಲಸವಾಯಿತು.

ಔಷಧಿಯಾಗಿ ಒದಗಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಮಿಲಾರ್ಡೆ ಎಂಬಾತನು ಬಳಕೆಗೆ ತಂದ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದೇ ಇಂದಿಗೂ ನಡೆದುಬಂದಿರುವ ಅಳತೆ. ಮಳೆಗೆ ತೊಳೆದುಹೋಗದಿರಲೆಂದು ರಾಳ ಮತ್ತು ಸೋಡ ಬೆರೆಸಿದ ಅಂಟನ್ನು ಕೂಡಿಸುವುದನ್ನು ಕೋಲ್ಮನ್ ಬಳಕೆಗೆ ತಂದನು. ಮುಂಗಾರಿಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಗೊನೆಗಳಿಗೆ ಸಿಂಪಡಿಸಬೇಕು. ಕಾಫಿಯ ಕೊಳೆಗೂ ಇದೇ ದ್ರಾವಣ ಉಪಯುಕ್ತ. ಜೊತೆಗೆ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಗಾಳಿ ಬೆಳಕು ಆಡುವಂತೆ ಮಾಡುವುದೂ, ರೋಗ ಹತ್ತಿದ ರೆಂಬೆಗಳನ್ನು ತೆಗೆದು ಸುಡುವುದೂ ಅವಶ್ಯ.

ಗಂಧದ ಮರ ಕಲಿಸಿದ ಪಾಠ

ನಮ್ಮ ಬೆಟ್ಟಗಳ ಹೆಸರನ್ನು ಲೋಕಕ್ಕೆ ಸಾರಿದ್ದು ಶ್ರೀಗಂಧ. ದೊಡ್ಡಗಾಜನೂರಿನವರೆಂದು ನಾಡಿಗೆಲ್ಲ ತಿಳಿದಿರುವ ಡಾ. ರಾಜ್‌ಕುಮಾರ್ ಅವರು ಅರಣ್ಯಾಧಿಕಾರಿಯ ಪಾತ್ರ ವಹಿಸಿದ ‘ಗಂಧದ ಗುಡಿ’ ಚಿತ್ರವು 1973ರಲ್ಲಿ ತೆರೆಗೆ ಬಂದಿತು. ಅದರಲ್ಲಿ ಕಾಡಿನ ಹಗೆ ಕಳ್ಳರ ಕೊಡಲಿ. ಗಂಧದ ಮರಕ್ಕೆ ಅದಕ್ಕಿಂತ ಮುಂಚೆಯೇ ಇನ್ನೊಂದು ಹಗೆ ಹುಟ್ಟಿಕೊಂಡಿತ್ತು.

1899ರಲ್ಲಿ ಕೊಡಗಿನಲ್ಲಿ ಮೆಕಾರ್ಥಿ ಎಂಬಾತನು, ಎಲೆಗಳು ಸಣ್ಣಗಾಗಿ ಮುಳ್ಳಿನಂತೆ ಸೆಟೆದು ನಿಂತು, ಎರಡು ಮೂರು ವರ್ಷಗಳಲ್ಲಿ ಸಾಯುತ್ತಿದ್ದ ಗಂಧದ ಮರಗಳನ್ನು ಗಮನಿಸಿದನು. ಇದು ಸ್ಪೈಕ್ ರೋಗವೆಂದು ಹೆಸರಾಯಿತು. ಬೇನೆಯು ಮೈಸೂರಿನಲ್ಲಿಯೂ ಸುತ್ತಿನ ಮದರಾಸು ಸೀಮೆಯ ಗಂಧದ ಕಾಡುಗಳಲ್ಲಿಯೂ ಹರಡಿತು. ಕಾರಣವೇನೆಂಬ ವಿಷಯದಲ್ಲಿ ದೊಡ್ಡ ಚರ್ಚೆ ನಡೆಯಿತು. ಬೇರಿನ ದೋಷವೆಂದವರುಂಟು, ಮರದ ರಸದ ಸಮತೋಲ ತಪ್ಪಿತೆಂದವರುಂಟು. ಕೋಲ್ಮನ್ 1917ರಲ್ಲಿ ರೋಗದ ಮರದ ಕೊಂಬೆಯನ್ನು ಒಳ್ಳೆಯ ಮರಕ್ಕೆ ಕಸಿಮಾಡಿ, ಇದು ಅಂಟುರೋಗವೆಂದು ತೋರಿಸಿದನು. ಬೆಂಗಳೂರಿನ ವಿಜ್ಞಾನಮಂದಿರದವರೂ ಮುಂದೆ ಇದರಲ್ಲಿ ಬಹಳ ಶ್ರಮಿಸಿದರು. ಆದರೂ ರೋಗಕಾರಕವು ಕಣ್ಣಿಗೆ ಬಿದ್ದದ್ದು 1969ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ಅದು ಶಿಲೀಂಧ್ರವೂ ಅಲ್ಲ, ವೈರಸ್ಸೂ ಅಲ್ಲ; ಇಂದು ಫೈಟೊಪ್ಲಾಸ್ಮವೆಂದು ಕರೆಯುವ, ಕೋಶಭಿತ್ತಿಯಿಲ್ಲದ ಅತಿ ಸಣ್ಣ ಜೀವಿ.

ಶಿಲೀಂಧ್ರಗಳ ಕಥೆಯಲ್ಲಿ ಶಿಲೀಂಧ್ರವಲ್ಲದ ಇದನ್ನು ಹೇಳಿದ್ದಕ್ಕೆ ಕಾರಣವುಂಟು. ಮೈಲುತುತ್ತವು ಬೂಷ್ಟನ್ನು ತಡೆಯಬಹುದು. ಮರದ ನಾಳಗಳೊಳಗೆ ಅಡಗಿದ ಈ ಜೀವಿಗೆ ಅದು ಏನನ್ನೂ ಮಾಡಲಾರದು. ಬೇನೆಯ ಕುಲ ತಿಳಿಯದೆ ಮಾಡಿದ ಚಿಕಿತ್ಸೆ ಹಣವನ್ನೂ ಕಾಲವನ್ನೂ ವ್ಯರ್ಥಗೊಳಿಸುತ್ತದೆ. ಎಪ್ಪತ್ತು ವರ್ಷಗಳ ಶೋಧನೆಯ ಸಾರವಿದು.

ನೀಲಗಿರಿ ಮತ್ತು ಸರ್ವೆ

20ನೆಯ ಶತಮಾನದ ಉತ್ತರಾರ್ಧವು ಸೌದೆ ಮತ್ತು ಕಾಗದದ ಕಾರ್ಖಾನೆಗಳಿಗಾಗಿ ನೆಟ್ಟ ಮರಗಳ ಕಾಲ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಬಂದ ಆಸ್ಟ್ರೇಲಿಯದ ಮರವನ್ನು ನಾವು ನೀಲಗಿರಿ ಮರವೆನ್ನುತ್ತೇವೆ. ನಂದಿಬೆಟ್ಟದ ಮರಗಳಿಂದ ಹುಟ್ಟಿದ ಮೈಸೂರು ತಳಿ 1950ರ ದಶಕದಿಂದ ಸಾವಿರಾರು ಎಕರೆಗಳಲ್ಲಿ ಹರಡಿತು. ಪರದೇಶದ ಮರವಾದುದರಿಂದ ಇದಕ್ಕೆ ಇಲ್ಲಿನ ರೋಗ ಹತ್ತದೆಂಬ ಭರವಸೆ ಬಹಳ ಕಾಲ ನಿಲ್ಲಲಿಲ್ಲ. 1970ರ ದಶಕದಲ್ಲಿ ಪಶ್ಚಿಮ ಘಟ್ಟದ ಹೆಚ್ಚು ಮಳೆಯ ಭಾಗಗಳಲ್ಲಿ ನೆಟ್ಟ ನೀಲಗಿರಿಗೆ ಗುಲಾಬಿ ರೋಗ ತಗುಲಿತು. ರೆಂಬೆ ಕಾಂಡಗಳ ತೊಗಟೆಯ ಮೇಲೆ ತೆಳುಗೆಂಪು ಬಣ್ಣದ ಪೊರೆ ಹಬ್ಬಿ, ಅಲ್ಲಿಂದ ಮೇಲಿನ ಭಾಗ ಒಣಗುವುದು ಇದರ ಲಕ್ಷಣ. ಈ ಶಿಲೀಂಧ್ರವು ಹೊಸದಾಗಿ ಬಂದುದೇನೂ ಅಲ್ಲ. ಹಲಸು, ಮಾವು, ಕಿತ್ತಳೆ, ರಬ್ಬರ್, ಕಾಫಿ ಇವೆಲ್ಲಕ್ಕೂ ಹತ್ತುತ್ತಿದ್ದ ನಮ್ಮ ನಾಡಿನ ಹಳೆಯ ನಿವಾಸಿ.

1975ರಲ್ಲಿ ಪೀಚಿಯಲ್ಲಿ ಸ್ಥಾಪಿತವಾದ ಕೇರಳ ಅರಣ್ಯ ಸಂಶೋಧನಾಲಯದ ಶರ್ಮ, ಮೋಹನನ್ ಮೊದಲಾದವರು ಸಸಿಮಡಿಗಳನ್ನೂ ನೆಡುತೋಪುಗಳನ್ನೂ ಸುತ್ತಿ 1985ರಲ್ಲಿ ಒಂದು ವಿಸ್ತಾರವಾದ ಸಮೀಕ್ಷೆಯನ್ನು ಹೊರತಂದರು. ಒಂದೊಂದು ಮರಕ್ಕೂ ಹಲವು ಶಿಲೀಂಧ್ರಗಳು, ಎಳೆತನಕ್ಕೊಂದು, ಬೆಳೆದ ಮೇಲೊಂದು, ಎಲೆಗೊಂದು, ತೊಗಟೆಗೊಂದು ಎಂಬಂತೆ ಹೊಂಚು ಹಾಕಿರುವುದು ಅಂಥ ಕೆಲಸದಿಂದ ಸ್ಪಷ್ಟವಾಯಿತು. ಸಸಿಮಡಿಯಲ್ಲಿ ನೀರು ನಿಂತರೆ ಸಸಿಯ ಬುಡ ಕೊಳೆತು ಮಗುಚಿಕೊಳ್ಳುತ್ತದೆ. ಇದಕ್ಕೆ ಮಣ್ಣಿನಲ್ಲಿರುವ ಮೂರು ನಾಲ್ಕು ಬೇರೆಬೇರೆ ಜೀವಿಗಳು ಕಾರಣವಾಗಬಲ್ಲವು.

ಸರ್ವೆ ಮರದ ಕಥೆಯೂ ಹೀಗೆಯೇ. ಅದರ ತೊಗಟೆ ಬೊಬ್ಬೆಯಂತೆ ಉಬ್ಬಿ, ಒಡೆದಾಗ ಒಳಗಿನಿಂದ ಕಾಡಿಗೆಯಂಥ ಕಪ್ಪು ಪುಡಿ ಹೊರಬೀಳುತ್ತದೆ. ಆ ಮರ ಮತ್ತೆ ಚೇತರಿಸಿಕೊಳ್ಳುವುದು ಅಪರೂಪ. ಈ ರೋಗದ ಶಿಲೀಂಧ್ರವನ್ನು 1905ರಲ್ಲಿ ಬಟ್ಲರ್ ವರ್ಣಿಸಿದನು. ಸುಮಾರು ನೂರು ವರ್ಷಗಳ ಮೇಲೆ, 2003ರಲ್ಲಿ, ವಿದ್ವಾಂಸರು ಅದನ್ನು ಮರುಪರಿಶೀಲಿಸಿ, ಮದರಾಸಿನ ಖ್ಯಾತ ಶಿಲೀಂಧ್ರಶಾಸ್ತ್ರಜ್ಞ ಸಿ. ವಿ. ಸುಬ್ರಮಣಿಯನ್ ಅವರ ಗೌರವಾರ್ಥವಾಗಿ ಸುಬ್ರಮಣಿಯನೊಸ್ಪೊರ ಎಂಬ ಹೊಸ ಜಾತಿಗೆ ಸೇರಿಸಿದರು.

ನೆಲದೊಳಗಿನ ಹಗೆಯನ್ನೂ ಮರೆಯಬಾರದು. ತೆಂಗು ಅಡಕೆಗಳ ಬುಡದಿಂದ ಕೆಂಪುಕಂದು ರಸ ಸುರಿದು, ಗರಿಗಳು ಜೋತುಬಿದ್ದು, ಕೊನೆಗೆ ಬುಡದಲ್ಲಿ ಅಣಬೆ ಮೂಡುವ ಬೇನೆಯನ್ನು ನಮ್ಮವರು ಅಣಬೆರೋಗವೆಂದು ಕರೆದರು. ತಂಜಾವೂರು ಸೀಮೆಯ ತೆಂಗಿನಲ್ಲಿ 1952ರಲ್ಲಿ ಇದು ತೀವ್ರವಾಗಿ ಕಂಡುದರಿಂದ ತಮಿಳುನಾಡಿನಲ್ಲಿ ತಂಜಾವೂರು ಬಾಡುರೋಗವೆಂದು ಪ್ರಸಿದ್ಧವಾಗಿದೆ. ಹೆಸರು ಎರಡು, ರೋಗ ಒಂದು. ಕೊಳೆರೋಗದಲ್ಲಿ ಒಂದು ಹೆಸರಿನ ಹಿಂದೆ ಎರಡು ರೋಗಗಳಿದ್ದರೆ, ಇಲ್ಲಿ ಅದಕ್ಕೆ ವಿಪರ್ಯಾಸ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದನ್ನು ತಿಳಿದಿರುವುದು ಮುಖ್ಯ. ಸತ್ಯಮಂಗಲದ ಅಂಗಡಿಯಲ್ಲಿ ಒಂದು ಹೆಸರನ್ನೂ ಚಾಮರಾಜನಗರದ ಅಂಗಡಿಯಲ್ಲಿ ಇನ್ನೊಂದನ್ನೂ ಕೇಳಿ, ಒಂದೇ ಬೇನೆಗೆ ಎರಡು ಮದ್ದು ತರುವ ಸಂಭವ ನಮಗೇ ಹೆಚ್ಚು.

ನಮ್ಮ ಕರ್ತವ್ಯ

ಕರ್ನಾಟಕದಲ್ಲಿ 2001ರಲ್ಲಿಯೂ ತಮಿಳುನಾಡಿನಲ್ಲಿ 2002ರಲ್ಲಿಯೂ ಆದ ಶಾಸನಗಳ ತಿದ್ದುಪಡಿಯಿಂದ, ಸ್ವಂತ ಜಮೀನಿನಲ್ಲಿ ಬೆಳೆದ ಗಂಧದ ಮರವು ಜಮೀನಿನವನದೇ ಎಂದಾಯಿತು. ಅಲ್ಲಿಂದೀಚೆಗೆ ಗಂಧವೂ ಕಾಡಿನ ಮರವಾಗಿದ್ದುದು ತೋಪಿನ ಮರವಾಗುತ್ತಿದೆ. ಮಲೆನಾಡಿನ ಅಡಕೆಗೆ ಕೊಳೆರೋಗ ಸಾಲದೆಂಬಂತೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವು ಹಬ್ಬಿ, ಅನೇಕ ಕುಟುಂಬಗಳನ್ನು ಕಂಗೆಡಿಸಿದೆ. ಹತ್ತು ಹದಿನೈದು ವರ್ಷ ಮಕ್ಕಳಂತೆ ಸಾಕಿದ ಮರವನ್ನು ಕಳೆದುಕೊಂಡ ಒಕ್ಕಲಿಗೆ ಮುಂದಿನ ಮಳೆಗಾಲದಲ್ಲಿ ಮತ್ತೆ ಬಿತ್ತುವೆನೆಂಬ ಸಮಾಧಾನ ಇಲ್ಲ. ಹೆಣ್ಣುಮಗಳ ಮದುವೆ, ಗಂಡುಮಗನ ಓದು, ಸಾಲದ ತೀರುವೆ ಎಲ್ಲವೂ ಆ ಮರಗಳನ್ನೇ ನಂಬಿರುತ್ತವೆ.

ಚರಿತ್ರೆಯಿಂದ ನಾವು ಕಲಿಯಬೇಕಾದುದು ಕಷ್ಟದ ವಿದ್ಯೆಯಲ್ಲ. ಒಂದೇ ಜಾತಿಯ, ಒಂದೇ ತಳಿಯ ಮರವನ್ನು ಇಡೀ ಹೊಲಕ್ಕೆ ನೆಡದೆ ಬೆರಸಿ ನೆಡುವುದು. ಸಸಿಯನ್ನು ಕೊಳ್ಳುವಾಗ ಬೇರನ್ನೂ ಬುಡವನ್ನೂ ನೋಡಿ ಕೊಳ್ಳುವುದು. ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುವುದು. ರೋಗ ಹತ್ತಿದ ಕೊಂಬೆ ಕಾಯಿಗಳನ್ನು ತೋಟದಲ್ಲಿಯೇ ಬಿಡದೆ ಸುಡುವುದು. ಇವು ನಮ್ಮ ಕೈಯಲ್ಲಿಯೇ ಇರುವ ಕೆಲಸಗಳು. ಬೇನೆ ಕಂಡಾಗ ಮೊದಲು ಅಂಗಡಿಗೆ ಓಡದೆ, ಎಲೆ ತೊಗಟೆಗಳ ಮಾದರಿಯನ್ನು ತಿಳಿದವರಿಗೆ ತೋರಿಸಿ, ಅದರ ಕುಲವನ್ನು ಕೇಳಬೇಕು. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾನಿಲಯವೂ, ಅಲ್ಲಿಯೇ ಇರುವ ಅರಣ್ಯ ತಳಿವಿಜ್ಞಾನ ಸಂಸ್ಥೆಯೂ, ಬೆಂಗಳೂರಿನ ಮರ ವಿಜ್ಞಾನ ಸಂಸ್ಥೆಯೂ ಇಂಥ ವಿಷಯಗಳಲ್ಲಿ ಶೋಧನೆ ನಡೆಸುತ್ತಿವೆ. ಗಡಿಯಲ್ಲಿರುವ ನಾವು ಎರಡು ಕಡೆಯ ಬಾಗಿಲನ್ನೂ ತಟ್ಟಬಹುದು.

ಕೊನೆಯದಾಗಿ ಒಂದು ಮಾತು. ಕೊಳೆರೋಗವೆಂಬ ಹೆಸರನ್ನು ಕೊಟ್ಟವನು ಯಾವ ವಿದ್ವಾಂಸನೂ ಅಲ್ಲ. ಮಳೆಯಲ್ಲಿ ನೆನೆಯುತ್ತ ಕೊಳೆತ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದ ಒಬ್ಬ ಕನ್ನಡದ ಒಕ್ಕಲುಮಗನು. ಅವನ ಹೆಸರು ಉಳಿದಿಲ್ಲ. ಕಂಡುದನ್ನು ತನ್ನ ಮಾತಿನಲ್ಲಿ ಸರಿಯಾಗಿ ಹೇಳಿದ್ದರಿಂದ ಅವನ ಮಾತು ಉಳಿಯಿತು. ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ವಿಜ್ಞಾನವನ್ನು ಓದಿದರೂ, ಹೊಲ ತೋಟಗಳ ಬೇನೆಗಳಿಗೆ ಅಜ್ಜ ಅಜ್ಜಿಯರು ಇಟ್ಟ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಯಾವ ಮರ, ಯಾವ ಮಳೆ, ಯಾವ ಲಕ್ಷಣ ಎಂಬುದನ್ನೂ ಜೊತೆಗೆ ಬರೆಯಲಿ. ಇಂಥ ಪಟ್ಟಿಯೊಂದನ್ನು ತಾಳವಾಡಿ ಸೀಮೆಯ ಊರೂರುಗಳಿಂದ ಕೂಡಿಸುವ ಕೆಲಸವನ್ನು ನಮ್ಮ ಸಂಘವು ಕೈಗೊಂಡರೆ, ಅದು ಭಾಷೆಗೂ ಮರಗಳಿಗೂ ಒಟ್ಟಿಗೆ ಮಾಡಿದ ಸೇವೆಯಾಗುವುದರಲ್ಲಿ ಸಂದೇಹವಿಲ್ಲ.